ನಾಲ್ಕು ಹೊಟ್ಟೆಗೆ ಒಂದೇ ಒಲೆ

ನಮ್ಮ ಮನೇಲಿ ಇಬ್ಬರು ಗಂಡಸರಿದ್ದಾರೆ, ಇಬ್ಬರೂ ಬಡವರ ಪರ. ಬಡವರು ಯಾರೂ ಬಂದು ಇವರನ್ನ ಕೇಳಿಕೊಂಡಿಲ್ಲ, ಅದು ಬೇರೆ ವಿಷಯ. ಬೆಳಗ್ಗೆ ಏಳಕ್ಕೆ ಗೇಟಿನ ಒಳಗಿರೋ ಕಲ್ಲುಬೆಂಚಿನ ಮೇಲೆ ಪೇಪರ್ ಹಂಚಿಕೊಂಡು ಕೂತರೆ ಎಂಟೂವರೆವರೆಗೂ ದೇಶಕ್ಕೆ ಬಿಡುವಿರಲ್ಲ. ಪದ್ಮನಾಭನಗರದ ನಮ್ಮ ಕ್ರಾಸಿನಲ್ಲಿ ವಾಕಿಂಗ್ ಹೋಗೋರು ನಮ್ಮ ಗೇಟು ಬಂದ ತಕ್ಷಣ ಆಚೆ ಬದಿಗೆ ದಾಟ್ತಾರೆ. ಒಂದು ಸಲ ಈ ಕಡೆ ನಿಂತ್ರೆ ತಿಂಡಿ ಹೊತ್ತು ಮೀರುತ್ತೆ ಅಂತ ಅವರಿಗೂ ಗೊತ್ತು.

ಒಬ್ಬರು ನಮ್ಮನೆಯವರು, ಇನ್ನೊಬ್ಬರು ಅವರಣ್ಣ, ನನ್ನ ಭಾವನವರು. ಭಾವನವರು ಸರ್ಕಾರಿ ಕಾರ್ಖಾನೇಲಿ ಮೂವತ್ತು ವರ್ಷ ಲೇತ್ ಓಡಿಸಿ, ಅದರಲ್ಲಿ ಇಪ್ಪತ್ತು ವರ್ಷ ಯೂನಿಯನ್ನೂ ಓಡಿಸಿ ರಿಟೈರ್ ಆದೋರು. ಅವರ ಪ್ರಕಾರ ಹೊಲ, ಗಿರಣಿ, ಬ್ಯಾಂಕು, ಬಸ್ಸು, ಕೊನೆಗೆ ಇಡ್ಲಿ ಹೋಟ್ಲೂ ಜನರದ್ದಾಗಬೇಕು. ಅರ್ಧಂಬರ್ಧ ಮಾಡೋದಾದ್ರೆ ಮಾಡಲೇಬಾರದು. ರೇಷನ್ನು, ಪೆನ್ಷನ್ನು, ಹೆಂಗಸರಿಗೆ ಪುಕ್ಕಟೆ ಬಸ್ಸು ಇವೆಲ್ಲಾ ಅಳೋ ಮಗೂಗೆ ಕೊಡೋ ಪೆಪ್ಪರ್‌ಮೆಂಟು, ಹಾಲು ಕೇಳದೆ ಇರಲಿ ಅಂತ. ನಮ್ಮನೆಯವರು ಬ್ಯಾಂಕಿನಲ್ಲಿದ್ದೋರು, ಅವರದ್ದು ಉಗುರುಬೆಚ್ಚಗಿನ ಸಿದ್ಧಾಂತ. ಆಸ್ಪತ್ರೆ, ಸ್ಕೂಲು, ಬಸ್ಸು, ವಯಸ್ಸಾದೋರ ಪೆನ್ಷನ್ನು ಸರ್ಕಾರ ನೋಡಿಕೊಳ್ಳಲಿ, ಇದ್ದೋರ ಹತ್ರ ತೆರಿಗೆ ವಸೂಲಿ ಮಾಡಲಿ, ಆದ್ರೆ ಸರ್ಕಾರವೇ ಇಡ್ಲಿ ಹುಯ್ಯೋಕೆ ಕೂತರೆ ಇಡ್ಲಿ ಕಲ್ಲಾಗುತ್ತೆ ಅಂತಾರೆ. ಎಲ್ಲಾ ಹಂತ ಹಂತವಾಗಿ ಆಗಬೇಕು. ಹಂತ ಹಂತವಾಗಿ ಅನ್ನದೆ ಅವರು ಒಂದು ಸೊಳ್ಳೇನೂ ಹೊಡೆಯಲ್ಲ.

ಖಾಸಗಿ ಆಸ್ತಿ ಹೋಗಬೇಕು ಅನ್ನೋ ಭಾವನವರ ಹೆಸರಲ್ಲೇ ಈ ಮೂರು ಅಂತಸ್ತಿನ ಮನೆ ಇದೆ, ಗೇಟಿಗೆ ಎರಡು ಬೀಗ. ಅದನ್ನ ನಾನು ಒಂದು ಸಲ ಅಂದುಬಿಟ್ಟೆ. ಕ್ರಾಂತಿ ಬರೋವರೆಗೂ ಕಳ್ಳರು ಬರ್ತಾರಲ್ಲಮ್ಮ ಅಂದ್ರು. ಮಾತಿಗೆ ಏನೂ ಕಮ್ಮಿ ಇಲ್ಲ ಪುಣ್ಯಾತ್ಮರಿಗೆ.

ಕೆಳಗೆ ಭಾವನವರು, ನಡು ಅಂತಸ್ತಲ್ಲಿ ನಾವು. ಟೆರೇಸ್ ಮೇಲೆ ಒಂದು ಶೀಟಿನ ರೂಮು, ಅಲ್ಲಿ ನನ್ನ ನಾದಿನಿ, ಈ ಇಬ್ಬರ ತಂಗಿ. ಗಂಡ ಹೋದ ಮೇಲೆ ಒಂದು ಟ್ರಂಕು, ಒಂದು ಹೊಲಿಗೆ ಮಿಷನ್ನು ಹಿಡ್ಕೊಂಡು ಬಂದಳು, ಹದಿನೆಂಟು ವರ್ಷ ಆಯ್ತು. ಸೀರೆಗೆ ಫಾಲ್ಸ್ ಹಾಕಿ, ಬ್ಲೌಸ್ ಹೊಲಿದು ತನ್ನ ಪಾಡಿಗೆ ತಾನಿದ್ದಳು. ಮಳೆ ಬಂದ್ರೆ ಆ ಶೀಟು ಮೂರು ಕಡೆ ಸೋರುತ್ತೆ. ರಿಪೇರಿ ಮಾಡಿಸಿ ಅಂದ್ರೆ ಭಾವನವರು, ತೇಪೆ ಹಾಕೋದು ಮೋಸ, ಇಡೀ ಮನೆ ಮತ್ತೆ ಕಟ್ಟಿ ಎಲ್ಲರಿಗೂ ಸಮನಾದ ರೂಮು ಮಾಡೋಣ ಅಂದ್ರು. ನಮ್ಮನೆಯವರು, ಅಷ್ಟೆಲ್ಲಾ ಬೇಡ, ಹಂತ ಹಂತವಾಗಿ ಹೋಗೋಣ, ಮೊದಲು ಎಸ್ಟಿಮೇಟ್ ಹಾಕಿಸೋಣ ಅಂದ್ರು. ಎಸ್ಟಿಮೇಟ್ ಯಾರಿಂದ ಹಾಕಿಸಬೇಕು ಅನ್ನೋ ಚರ್ಚೇಲಿ ಎರಡು ಮಳೆಗಾಲ ಹೋಯ್ತು. ನಾದಿನಿ ಮೂರು ಬಕೆಟ್ ಇಟ್ಕೊಂಡಳು.

ಅವಳಿಗೆ ಈ ಇಬ್ಬರಲ್ಲಿ ಯಾರೂ ಕೊಡದೇ ಇದ್ದದ್ದು ಒಂದಿತ್ತು, ಬಿಪಿಎಲ್ ರೇಷನ್ ಕಾರ್ಡು. ತಾನೇ ಅಲೆದು, ತಾನೇ ಕ್ಯೂ ನಿಂತು ಮಾಡಿಸಿದ್ದು. ಕುಟುಂಬದ ಮುಖ್ಯಸ್ಥರು ಅನ್ನೋ ಕಡೆ ಅವಳ ಹೆಸರು, ಸದಸ್ಯರು ಅನ್ನೋ ಕಡೆನೂ ಅವಳೊಬ್ಬಳೇ. ಮನೆ ಯಜಮಾನಿ ಖಾತೆಗೆ ತಿಂಗಳು ತಿಂಗಳು ದುಡ್ಡು ಹಾಕ್ತೀವಿ ಅಂತ ಸರ್ಕಾರ ಹೇಳಿದಾಗ ಬೆಂಚಿನ ಮೇಲೆ ಒಂದು ವಾರ ಯುದ್ಧ ನಡೀತು. ಒಬ್ಬರಿಗೆ ಅದು ಭಿಕ್ಷೆ, ಇನ್ನೊಬ್ಬರಿಗೆ ಅದು ಹಕ್ಕು. ಮೇಲಿಂದ ಬಟ್ಟೆ ಒಣಗಿಸ್ತಾ ಕೇಳಿಸ್ಕೊಳ್ತಿದ್ದ ನಾದಿನಿ ಇಳಿದು ಬಂದು, ಅರ್ಜಿಗೆ ಆಧಾರ್ ಜೆರಾಕ್ಸ್ ಎಷ್ಟು ಬೇಕು ಅಂತ ನನ್ನ ಕೇಳಿದಳು. ಮೊದಲ ಐದಾರು ತಿಂಗಳ ದುಡ್ಡು ಮುಟ್ಟದೆ ಕೂಡಿಟ್ಟು ಎರಡು ಬರ್ನರಿನ ಹೊಸ ಗ್ಯಾಸ್ ಒಲೆ ತಂದಳು, ಗಾಜಿನ ಮುಚ್ಚಳದ್ದು. ಆ ಒಲೆ ನೋಡೋಕೆ ನನ್ನನ್ನ ಮೇಲೆ ಕರ್ಕೊಂಡು ಹೋಗಿ ಕಾಫಿ ಕಾಯಿಸಿ ಕೊಟ್ಟಳು. ಮದುವೇಲೂ ಅವಳ ಮುಖ ಹಾಗೆ ಅರಳಿರಲಿಲ್ಲ.

ಹೀಗಿರುವಾಗ ಭಾವನವರ ಹೆಂಡತಿ ತೀರಿಕೊಂಡರು. ನಾನು ಅಕ್ಕ ಅಂತಿದ್ದೆ, ಅಕ್ಕನ ಹಾಗೇ ಇದ್ರು. ಭಾವನವರಿಗೆ ನೀರು ಕಾಯಿಸೋದು ಬಿಟ್ರೆ ಅಡುಗೆಮನೇಲಿ ಬೇರೆ ಏನೂ ಗೊತ್ತಿಲ್ಲ. ದುಡಿಯುವ ವರ್ಗದ ಬಗ್ಗೆ ಅಷ್ಟು ಮಾತಾಡಿದ ಮನುಷ್ಯ ತನ್ನ ಮನೇಲಿ ದುಡೀತಿದ್ದೋರು ಯಾರು ಅಂತ ತಿಥಿ ಆದ ಮೇಲೆ ನೋಡಿಕೊಂಡ್ರು ಅನ್ಸುತ್ತೆ. ಹದಿನೈದು ದಿನ ನಾನು ಕ್ಯಾರಿಯರ್‌ನಲ್ಲಿ ಊಟ ಇಳಿಸಿದೆ. ಹದಿನಾರನೇ ದಿನ ಬೇಡಮ್ಮ ಅಂದ್ರು. ಒಬ್ಬರ ಉಪಕಾರದಲ್ಲಿ ತಿನ್ನೋದು ಅವರ ತತ್ವಕ್ಕೆ ಒಗ್ಗಲ್ವಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಬ್ರೆಡ್ಡು, ಬಾಳೆಹಣ್ಣು ತಿಂದು ಪ್ಯಾಂಟು ಸಡಿಲ ಆಯ್ತು, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡ್ಕೊಂಡ್ರು.

ನನಗೆ ಈಗ ಅರ್ಥ ಆಗುತ್ತೆ. ಹಸಿವಾಗ್ತಿದೆ ಅನ್ನೋ ಒಂದು ಮಾತು ಹೇಳೋಕೆ ಆಗದೆ ಆ ಮನುಷ್ಯ ಎಂಟು ಪುಟ ಬರೆದು ತಂದ್ರು. ಒಂದು ಭಾನುವಾರ ಬೆಳಗ್ಗೆ ನಮ್ಮ ಹಾಲಿನಲ್ಲಿ ಸಭೆ. ನಾಲ್ಕು ಹೊಟ್ಟೆಗೆ ಮೂರು ಒಲೆ, ಮೂರು ಸಿಲಿಂಡರು, ಮೂರು ಕುಕ್ಕರು, ಇದು ವ್ಯರ್ಥ ಅಲ್ಲ ಅಪರಾಧ ಅಂತ ಶುರು ಮಾಡಿದ್ರು. ಸಮಾಜ ಬದಲಾಯಿಸೋಕೆ ಮುಂಚೆ ಮನೆ ಬದಲಾಗಬೇಕು. ಇವತ್ತಿಂದ ಕೆಳಗಡೆ ಒಂದೇ ಅಡುಗೆಮನೆ, ಎಲ್ಲರೂ ಕೈಲಾದಷ್ಟು ದುಡೀಬೇಕು, ಎಲ್ಲರೂ ಬೇಕಾದಷ್ಟು ಉಣ್ಣಬೇಕು. ನಮ್ಮನೆಯವರು ತಿದ್ದುಪಡಿ ತಂದ್ರು. ಇಡ್ಲಿ ದೋಸೆ ಹಿಟ್ಟು ಒಟ್ಟಿಗೆ ರುಬ್ಬೋಣ, ಸಾರು ದಿನಾ ಬಿಟ್ಟು ದಿನ ಹಂಚ್ಕೊಳೋಣ, ಚಟ್ನಿ ಮತ್ತು ಕಾಫಿ ಅವರವರದ್ದು. ಭಾವನವರು ಹಿಟ್ಟು ಮಾತ್ರ ಒಟ್ಟಿಗೆ ಅನ್ನೋದು ಜನರ ಕಣ್ಣಿಗೆ ಮಣ್ಣೆರಚೋ ಕೆಲಸ ಅಂದ್ರು. ಎರಡು ಗಂಟೆ ಹೊತ್ತು ಚಟ್ನಿ ಖಾಸಗಿಯೋ ಸಾರ್ವಜನಿಕವೋ ಅಂತ ಕಿತ್ತಾಡಿದ್ರು. ಅಷ್ಟರಲ್ಲಿ ನಾದಿನಿ ಎರಡು ಸಲ ಟೀ ಮಾಡಿ ತಂದಳು.

ಆಮೇಲೆ ಭಾವನವರು, ಒಪ್ಪಿಗೆ ಇದ್ದೋರು ಕೈ ಎತ್ತಿ ಅಂದ್ರು. ನಾದಿನಿ ಒಂದೇ ಒಂದು ಪ್ರಶ್ನೆ ಕೇಳಿದಳು, ನನ್ನ ಒಲೆ ಏನಾಗುತ್ತೆ ಅಂತ. ಕೆಳಗಡೆ ಒಲೆ ತುಕ್ಕು ಹಿಡಿದು ಒಂದು ಬರ್ನರು ಸತ್ತಿತ್ತು, ಅದಕ್ಕೆ ಅವಳದ್ದು ಸಿಲಿಂಡರು ಸಮೇತ ಕೆಳಗೆ ಬರುತ್ತೆ, ಇನ್ನು ಅದು ನಮ್ಮೆಲ್ಲರ ಒಲೆ ಅಂದ್ರು ಭಾವನವರು. ಅವಳು ದೊಡ್ಡಣ್ಣನ ಮುಖ ನೋಡಿದಳು, ಬೆಲ್ಟು ನೋಡಿದಳು, ಕೈ ಎತ್ತಿದಳು. ಕೈಯಲ್ಲಿ ಟೀ ಸೋಸೋ ಜಾಲರಿ ಹಾಗೇ ಇತ್ತು. ನಮ್ಮನೆಯವರು ಷರತ್ತುಬದ್ಧವಾಗಿ ಎತ್ತಿದ್ರು, ಅಂದ್ರೆ ಅರ್ಧ ಎತ್ತಿದ್ರು.

ನಾನೂ ಎತ್ತಿದೆ. ಇದನ್ನ ಮುಚ್ಚಿಡೋದು ಬೇಡ. ಸಂಜೆ ನಾಲ್ಕರಿಂದ ಎಂಟರವರೆಗೆ ನಾನು ಹೈಸ್ಕೂಲು ಮಕ್ಕಳಿಗೆ ಲೆಕ್ಕ ಟ್ಯೂಷನ್ ಹೇಳ್ತೀನಿ. ಮೂರು ಬ್ಯಾಚು ಮುಗಿದ ಮೇಲೆ ಮಂಡಿ ಹಿಡ್ಕೊಂಡು ಅಡುಗೆಮನೆಗೆ ಹೋಗೋದು ಅಂದ್ರೆ ನನಗೆ ಅಳು ಬರ್ತಿತ್ತು. ಒಂದೇ ಅಡುಗೆಮನೆ ಅಂದ್ರೆ ಯಾರು ಅಡುಗೆ ಮಾಡ್ತಾರೆ ಅಂತ ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೇ ಎತ್ತಿದೆ. ಆ ಸಭೇಲಿ ಸಿದ್ಧಾಂತ ಗೊತ್ತಿಲ್ಲದೆ ಸ್ವಾರ್ಥಕ್ಕೆ ವೋಟು ಹಾಕಿದೋಳು ನಾನೊಬ್ಬಳೇ.

ಗೋಡೆಗೆ ಚಾರ್ಟು ಬಂತು. ನಮ್ಮನೆಯವರಿಗೆ ಬನಶಂಕರಿ ಮಾರ್ಕೆಟ್ಟಿಂದ ತರಕಾರಿ, ನನಗೆ ಭಾನುವಾರದ ಪಾತ್ರೆ, ನಾದಿನಿಗೆ ಅಡುಗೆ. ಭಾವನವರಿಗೆ ತರಕಾರಿ ಹೆಚ್ಚೋದು ಅಂತ ಇತ್ತು. ಎರಡು ದಿನ ಹೆಚ್ಚಿದ್ರು, ಹುರುಳಿಕಾಯಿ ಒಂದೊಂದೂ ಪೆನ್ಸಿಲ್ ಉದ್ದ. ಮೂರನೇ ದಿನದಿಂದ ಅವರು ಯೋಜನೆ ವಿಭಾಗಕ್ಕೆ ಹೋದ್ರು, ಅಂದ್ರೆ ಮುಂದಿನ ಮೂರು ತಿಂಗಳು ಯಾವ ದಿನ ಏನು ಅಡುಗೆ ಅಂತ ಕೂತು ಬರೆಯೋದು. ಮೇ ತಿಂಗಳ ಎರಡನೇ ಮಂಗಳವಾರಕ್ಕೆ ಅವರೆಕಾಳು ಸಾರು ಅಂತ ಬರೆದಿದ್ರು. ಮೇ ತಿಂಗಳಲ್ಲಿ ಅವರೆಕಾಯಿ ಎಲ್ಲಿ ಸಿಗುತ್ತೆ ಭಾವ ಅಂದ್ರೆ, ಒಂದು ಕಡೆ ಸಡಿಲ ಬಿಟ್ರೆ ಇಡೀ ಯೋಜನೆ ಕುಸಿಯುತ್ತಮ್ಮ ಅಂದ್ರು. ನಾದಿನಿ ಹುರುಳಿಕಾಳು ಬೇಯಿಸಿ ಸಾರು ಮಾಡಿ, ಮುದ್ದೆ ಪಕ್ಕ ಬಡಿಸಿದಳು. ಅವರು ಎರಡು ಸಲ ಹಾಕಿಸಿಕೊಂಡು, ನೋಡು, ಅವರೆ ಸೊಗಡು ಅಂದ್ರೆ ಇದು ಅಂದ್ರು. ನಾವ್ಯಾರೂ ಬಾಯಿ ಬಿಡಲಿಲ್ಲ. ಯೋಜನೆ ಯಶಸ್ವಿ ಅಂತ ಚಾರ್ಟಿನಲ್ಲಿ ಟಿಕ್ ಬಿತ್ತು.

ನಮ್ಮನೆಯವರ ವಿರೋಧ ಇನ್ನೊಂದು ಥರ. ಕೆಳಗಡೆ ಕಾಫಿ ತೆಳುವಾಯ್ತು ಅಂತ ಒಂದೇ ವಾರಕ್ಕೆ ನಮ್ಮ ಮಹಡಿಯ ಬೀರು ಒಳಗೆ, ಕಂಬಳಿ ಹಿಂದೆ, ಒಂದು ಹಿತ್ತಾಳೆ ಫಿಲ್ಟರು ಮತ್ತು ಕರೆಂಟ್ ಒಲೆ ಬಂದು ಕೂತ್ವು. ಬೆಳಗ್ಗೆ ಐದೂವರೆಗೆ ಬಾಗಿಲು ಹಾಕ್ಕೊಂಡು ಒಂದು ಲೋಟ ಗಟ್ಟಿ ಕಾಫಿ ಕುಡಿದು, ಆಮೇಲೆ ಕೆಳಗಿಳಿದು ಸಾರ್ವಜನಿಕ ಕಾಫಿ ಕುಡೀತಿದ್ರು. ಸಿಕ್ಕಿಹಾಕಿಕೊಂಡಾಗ ನನಗೂ ಒಂದು ಲೋಟ ಕೊಟ್ಟು ಬಾಯಿ ಮುಚ್ಚಿಸಿದ್ರು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಕಾಫಿ ಮಾತ್ರ ಸೊಗಸಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ಏರ್ಪಾಡು ನಡೆದ ಹನ್ನೊಂದು ತಿಂಗಳೂ ನಾದಿನಿ ಬೆಳಗ್ಗೆ ಐದೂಮುಕ್ಕಾಲಿಗೆ ಇಳಿದು ಬಂದ್ರೆ ರಾತ್ರಿ ಪಾತ್ರೆ ಮುಗಿಸಿ ಹತ್ತಕ್ಕೆ ಹತ್ತಿ ಹೋಗೋಳು. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ನಮ್ಮ ಮನೇಲಿ ಕೆಸರು ಅವಳ ಕೈಗೆ, ಮೊಸರು ನಮ್ಮ ಬಾಯಿಗೆ. ಬ್ಲೌಸಿಗೆ ಬಂದ ಹೆಂಗಸರು ಟೆರೇಸ್ ಹತ್ತಿ ಬೀಗ ನೋಡಿ ಇಳಿದು ಹೋಗೋರು. ಕ್ರಮೇಣ ಹತ್ತೋದೇ ಬಿಟ್ರು, ಜಯನಗರದ ಟೈಲರ್ ಹತ್ರ ಹೋದ್ರು. ಅವಳ ರೂಮಲ್ಲಿ ಒಲೆ ಇದ್ದ ಕಟ್ಟೆ ಖಾಲಿ ಇದೆ ಅಂತ ಭಾವನವರು ತಮ್ಮ ಹಳೇ ಕರಪತ್ರದ ಬಂಡಲು ಅಲ್ಲಿ ಇಡಿಸಿದ್ರು. ಭಾವನವರು ತುಂಬಿಕೊಂಡ್ರು, ಬೆಲ್ಟಿನ ಹೊಸ ತೂತು ಬೇಕಾಗಲಿಲ್ಲ. ಬೆಂಚಿನ ಮೇಲೆ ಕೂತು ದಾರೀಲಿ ಹೋಗೋರನ್ನೆಲ್ಲ ಕರೆದು, ನಮ್ಮನೇಲಿ ಪ್ರಯೋಗ ಗೆದ್ದಿದೆ, ಬಂದು ನೋಡಿ ಅನ್ನೋರು.

ನೋಡೋಕೆ ಬಂದದ್ದು ಸರ್ಕಾರ. ಊರಲ್ಲೆಲ್ಲಾ ಬಿಪಿಎಲ್ ಕಾರ್ಡು ತಪಾಸಣೆ ನಡೀತಿತ್ತು. ಒಂದು ಬುಧವಾರ ಹನ್ನೊಂದು ಗಂಟೆಗೆ ಬೆವರು ಒರೆಸ್ಕೊಂಡು ಒಬ್ಬ ಹುಡುಗಿ ಬಂದಳು, ಇಪ್ಪತ್ತೆಂಟು ಮೂವತ್ತಿರಬಹುದು, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಫಾರಮ್ಮು. ಕಾರ್ಡಿನ ವಿಳಾಸ ಟೆರೇಸ್ ರೂಮು ಅಂತ ಇತ್ತು. ಮೇಲೆ ಹೋಗಿ ನೋಡಿದ್ರೆ ಮಿಷನ್ನಿದೆ, ಹಾಸಿಗೆ ಇದೆ, ಕರಪತ್ರದ ಬಂಡಲು ಇದೆ, ಒಲೆ ಇಲ್ಲ. ಇಳಿದು ಬಂದಾಗ ನಾದಿನಿ ಕೆಳಗಡೆ ಅಡುಗೆಮನೇಲಿ ಒಗ್ಗರಣೆ ಹಾಕ್ತಿದ್ದಳು. ಹುಡುಗಿ ಮೊದಲು ಒಳಗೆ ಹೋಗಿ ಅವಳ ಹತ್ರ ಏನೋ ಮಾತಾಡಿದಳು. ಆಮೇಲೆ ಹಾಲಿಗೆ ಬಂದು, ಅಡುಗೆ ಒಟ್ಟಿಗೋ ಬೇರೆಬೇರೆಯೋ ಅಂತ ನಮ್ಮನ್ನ ಕೇಳಿದಳು.

ಸರ್ಕಾರದ ಪ್ರಕಾರ ಕುಟುಂಬ ಅಂದ್ರೆ ರಕ್ತ ಅಲ್ಲ, ಒಲೆ. ಒಂದು ಒಲೇಲಿ ಉಣ್ಣೋರು ಒಂದು ಕುಟುಂಬ. ಆ ಕುಟುಂಬದಲ್ಲಿ ಪೆನ್ಷನ್ ತಗೊಳೋ ಅಣ್ಣಂದಿರಿದ್ರೆ ತಂಗಿಗೆ ಬಡವರ ಕಾರ್ಡು ಇಲ್ಲ, ಅವಳು ಯಜಮಾನಿಯೂ ಅಲ್ಲ. ಇದು ಬ್ಯಾಂಕಿನಲ್ಲಿದ್ದ ನಮ್ಮನೆಯವರಿಗೆ ಗೊತ್ತಿತ್ತು, ಭಾವನವರ ಶರಟು ಹಿಂದಿಂದ ಎಳೆದ್ರು. ಭಾವನವರು ಎದ್ದು ನಿಂತುಬಿಟ್ಟಿದ್ರು. ಹನ್ನೊಂದು ತಿಂಗಳಿಂದ ಯಾರೂ ಕೇಳದೇ ಇದ್ದ ಪ್ರಶ್ನೆ ಸರ್ಕಾರವೇ ಮನೆ ಬಾಗಿಲಿಗೆ ಬಂದು ಕೇಳಿದೆ, ಬಿಡ್ತಾರಾ.

"ಒಂದೇ ಕುಟುಂಬ, ಒಂದೇ ಒಲೆ. ದಪ್ಪ ಅಕ್ಷರದಲ್ಲಿ ಬರ್ಕೊಳ್ಳಮ್ಮ," ಅಂದ್ರು.

ಆಮೇಲೆ ಕಾಲು ಗಂಟೆ ಭಾಷಣ. ಚಾರ್ಟು ತೋರಿಸಿದ್ರು, ಟಿಕ್ ತೋರಿಸಿದ್ರು. ನಮ್ಮನೆಯವರು ಮಧ್ಯೆ ಬಾಯಿ ಹಾಕಿ, ಹಾಗಲ್ಲ ಮೇಡಂ, ಒಂದು ರೀತೀಲಿ ನೋಡಿದ್ರೆ ಒಟ್ಟು, ಇನ್ನೊಂದು ರೀತೀಲಿ ನೋಡಿದ್ರೆ ಬೇರೆ ಅಂದ್ರು. ಆ ಹುಡುಗಿ ಫಾರಮ್ಮು ಅವರ ಕಡೆ ತಿರುಗಿಸಿ, ಸಾರ್, ಇಲ್ಲಿರೋದು ಎರಡೇ ಬಾಕ್ಸು ಅಂದಳು. ಒಂದಕ್ಕೆ ಟಿಕ್ ಹಾಕಿದಳು. ಅಡುಗೆಮನೆ ಬಾಗಿಲಲ್ಲಿ ನಾದಿನಿ ಸೌಟು ಹಿಡ್ಕೊಂಡು ನಿಂತಿದ್ದಳು. ನಾನು ಅವಳನ್ನ ನೋಡಲಿಲ್ಲ, ಗೋಡೆ ನೋಡಿದೆ. ಹದಿನೈದು ದಿನದೊಳಗೆ ತಕರಾರು ಇದ್ರೆ ಬರೆದುಕೊಡಿ, ಮತ್ತೆ ಬಂದು ನೋಡ್ತೀನಿ, ಇಲ್ಲಾಂದ್ರೆ ಕಾರ್ಡು ರದ್ದಾಗುತ್ತೆ ಅಂತ ಹೇಳಿ ಆ ಹುಡುಗಿ ಹೊರಟಳು. ಅವಳ ತಪ್ಪೇನೂ ಇಲ್ಲ, ಕಂಡದ್ದನ್ನ ಬರೆದುಕೊಂಡಳು.

ಆವತ್ತು ಸಂಜೆ ಬೆಂಚಿನ ಮೇಲೆ ಏನು ಬಿಸಿ ಅಂತೀರ. ಭಾವನವರು, ನೋಡು, ಜನ ಒಟ್ಟಿಗೆ ಉಣ್ಣೋದು ಕಂಡ್ರೆ ಆಳುವವರಿಗೆ ಹೇಗೆ ಉರಿಯುತ್ತೆ ಅಂದ್ರು. ನಮ್ಮನೆಯವರು ಮೂರು ಪುಟದ ಮನವಿ ಬರೆಯೋಕೆ ಶುರು ಮಾಡಿ, ಕುಟುಂಬ ಅನ್ನೋ ಪದದ ವ್ಯಾಖ್ಯಾನ ಹಂತ ಹಂತವಾಗಿ ಬದಲಾಗಬೇಕು ಅಂತ ಮೊದಲ ಪುಟದಲ್ಲೇ ಸಿಕ್ಕಿಕೊಂಡ್ರು. ನಾದಿನಿಗೆ ಕಾರ್ಡು ಯಾಕೆ ಬೇಕು, ನಾವಿಲ್ವಾ ಅಂತ ಭಾವನವರು ಎರಡು ಸಲ ಅಂದ್ರು. ಅವಳನ್ನ ಕರೆದು ಯಾರೂ ಕೇಳಲಿಲ್ಲ.

ನಾನು ಒಳಗೆ ಹತ್ತನೇ ಕ್ಲಾಸಿಗೆ ತ್ರಿಕೋನ ಹೇಳಿಕೊಡ್ತಿದ್ದೆ. ಮೆಟ್ಟಿಲ ಮೇಲೆ ಧಡ್ ಅಂತ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಸಿಲಿಂಡರು ಒಂದೊಂದೇ ಮೆಟ್ಟಿಲು ಹತ್ತುತ್ತಾ ಇದೆ ಅಂತ ನನಗೆ ಎರಡನೇ ಸದ್ದಿಗೇ ಗೊತ್ತಾಯ್ತು. ಏನ್ ಆಂಟಿ ಅದು ಅಂತ ಮಕ್ಕಳು ಕೇಳಿದ್ರು, ಲೆಕ್ಕ ನೋಡ್ರೋ ಅಂದೆ. ಹನ್ನೆರಡು ಮೆಟ್ಟಿಲಾದ ಮೇಲೆ ನನ್ನ ಕೈಲಿ ಕೂರೋಕಾಗಲಿಲ್ಲ. ಎದ್ದು ಹೋಗಿ ಇನ್ನೊಂದು ಕಡೆ ಹಿಡಿದೆ. ಮಿಕ್ಕ ಮೆಟ್ಟಿಲು ಇಬ್ಬರೂ ಸೇರಿ ಹತ್ತಿಸಿದ್ವಿ. ಒಲೆ ಆಗಲೇ ಮೇಲಿತ್ತು. ಕರಪತ್ರದ ಬಂಡಲು ಟೆರೇಸ್ ಮೂಲೇಲಿ ನೀಟಾಗಿ ಜೋಡಿಸಿಟ್ಟಿದ್ದಳು, ಮಳೆ ಬೀಳದ ಕಡೆ.

ಮಾರನೇ ಬೆಳಗ್ಗೆ ಸಾರ್ವಜನಿಕ ಅಡುಗೆಮನೆ ತಣ್ಣಗಿತ್ತು. ಟೆರೇಸಿಂದ ಉಪ್ಪಿಟ್ಟಿನ ವಾಸನೆ ಬಂತು. ಭಾವನವರು ಚಾರ್ಟಿನ ಮುಂದೆ ಒಂದು ಗಳಿಗೆ ನಿಂತು, ಗುರುವಾರ ರಾಗಿ ರೊಟ್ಟಿ ಅಂತ ಓದಿಕೊಂಡು, ಚಪ್ಪಲಿ ಮೆಟ್ಕೊಂಡು ಬ್ರೆಡ್ಡು ತರೋಕೆ ಹೋದ್ರು. ಮೇಲೆ ಹೋಗಿ ಒಂದು ಮಾತು ಕೇಳಿ ಭಾವ ಅಂದೆ. ಏನಂತ ಕೇಳಲಿ ಅಂದ್ರು. ನಾನು ಕ್ಯಾರಿಯರ್ ಇಳಿಸಿದೆ, ಹಾಗೇ ವಾಪಸ್ ಬಂತು. ನನಗೂ ಸಿಟ್ಟು ಬಂತು, ಸಾಯಲಿ ಅತ್ಲಾಗೆ ಅಂದುಕೊಂಡೆ. ಅಂದುಕೊಂಡು ಸಂಜೆ ಮತ್ತೆ ಇಳಿಸಿದೆ.

ನಾದಿನಿ ತಕರಾರು ಅರ್ಜಿ ತಾನೇ ಬರೆದು ಕೊಟ್ಟು ಬಂದಿದ್ದಳು, ನಾಲ್ಕೇ ಸಾಲು. ಹನ್ನೆರಡನೇ ದಿನ ಮಧ್ಯಾಹ್ನ ಆ ಹುಡುಗಿ ಮತ್ತೆ ಬಂದಳು. ನಾವು ಮೂವರೂ ಹಿಂದೆ ಹಿಂದೆ ಟೆರೇಸ್ ಹತ್ತಿದ್ವಿ. ರೂಮಲ್ಲಿ ಒಲೆ ಇತ್ತು, ಒಲೆ ಮೇಲೆ ಪುಟ್ಟ ಕುಕ್ಕರ್ ಇತ್ತು, ಒಂದು ತಟ್ಟೆ, ಒಂದು ಲೋಟ. ಮಿಷನ್ ಮೇಲೆ ಯಾರದ್ದೋ ಅರ್ಧ ಹೊಲಿದ ಬ್ಲೌಸ್ ಇತ್ತು. ಹುಡುಗಿ ಎಲ್ಲಾ ನೋಡಿ, ಮನೆ ಮಾಲೀಕರ ಹೇಳಿಕೆ ಒಂದು ಬೇಕು ಅಂತ ಭಾವನವರಿಗೆ ಹಾಳೆ ಕೊಟ್ಟಳು. ಏನು ಬರೀಬೇಕು ಅಂತಾನೂ ಹೇಳಿದಳು. ಸದರಿಯವರು ನನ್ನ ಕುಟುಂಬಕ್ಕೆ ಸೇರಿದವರಲ್ಲ, ಇವರ ಅಡುಗೆ, ಊಟ ಪ್ರತ್ಯೇಕವಾಗಿರುತ್ತದೆ.

ಭಾವನವರು ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದ್ರು. ಯೂನಿಯನ್ನಲ್ಲಿ ಇವರ ಕೈಬರಹಕ್ಕೆ ಮ್ಯಾನೇಜ್‌ಮೆಂಟು ಹೆದರ್ತಿತ್ತಂತೆ. ಸದರಿಯವರು ನನ್ನ ಅಂತ ಬರೆದು ಕೈ ನಿಂತುಹೋಯ್ತು. ಪೆನ್ನು ಒದರಿದ್ರು, ಇಂಕು ಇತ್ತು. ಆ ಮುಖ ನೋಡೋಕಾಗಲಿಲ್ಲ ನನಗೆ. ಎಷ್ಟೇ ಆಡಿಕೊಂಡ್ರೂ ಆ ಮನುಷ್ಯ ಜೀವಮಾನದಲ್ಲಿ ಒಂದು ಸುಳ್ಳಿಗೆ ಸಹಿ ಹಾಕಿದೋರಲ್ಲ. ಅಡುಗೆ ಬೇರೆ ಅಂತ ಮಾತ್ರ ಬರೀತೀನಮ್ಮ, ಕುಟುಂಬ ಅಲ್ಲ ಅಂತ ಹೇಗೆ ಬರೀಲಿ, ಒಡಹುಟ್ಟಿದ ತಂಗಿ ಅಂತ ಆ ಹುಡುಗಿಯನ್ನ ಕೇಳಿದ್ರು. ನಮ್ಮನೆಯವರು, ಎರಡಕ್ಕೂ ಹೊಂದೋ ಥರ ಒಂದು ವಾಕ್ಯ ಮಾಡೋಣ ಅಂತ ಮುಂದೆ ಬಂದ್ರು. ನಾನು ಅವರ ಕೈ ಹಿಡಿದು ಹಿಂದಕ್ಕೆ ಎಳೆದೆ.

ನಾದಿನಿ ಒಲೆ ಪಕ್ಕ ನಿಂತಿದ್ದಳು. ಧ್ವನಿ ಏರಿಸಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ.

"ಬರಿ ಅಣ್ಣ, ಸುಳ್ಳೇನಲ್ಲ. ಹನ್ನೊಂದು ತಿಂಗಳು ಎಲ್ಲರಿಗೂ ಬಡಿಸ್ದೆ. ನಿಂದು ಊಟ ಆಯ್ತಾ ಅಂತ ಒಂದು ದಿನ, ಒಬ್ರು ಕೇಳಿದ್ರಾ? ಆವತ್ತು ಈ ಮೇಡಂ ಅಡುಗೆಮನೆಗೆ ಬಂದು ಮೊದಲು ಅದನ್ನೇ ಕೇಳಿದ್ರು. ಕಾರ್ಡು ತೆಗೆಯೋಕೆ ಬಂದೋರು."

ಆ ಹುಡುಗಿ ತಲೆ ತಗ್ಗಿಸಿ ಬ್ಯಾಗಲ್ಲಿ ಏನೋ ಹುಡುಕೋಕೆ ಶುರು ಮಾಡಿದಳು. ನಮ್ಮೂರಲ್ಲಿ ಊಟ ಆಯ್ತಾ ಅನ್ನೋದು ಮಾತೇ ಅಲ್ಲ, ಉಸಿರು. ಆಟೋದವರಿಗೆ ಕೇಳ್ತೀವಿ, ಹೂವಿನೋಳಿಗೆ ಕೇಳ್ತೀವಿ, ಫೋನಲ್ಲಿ ರಾಂಗ್ ನಂಬರ್ ಬಂದ್ರೂ ಪರಿಚಯದ ದನಿ ಅನ್ನಿಸಿದ್ರೆ ಕೇಳಿಬಿಡ್ತೀವಿ. ಟ್ಯೂಷನ್ ಮಕ್ಕಳನ್ನ ನಾನು ದಿನಾ ಸಂಜೆ, ತಿಂಡಿ ಆಯ್ತೇನ್ರೋ ಅಂತ ಕೇಳ್ತೀನಿ. ಹನ್ನೊಂದು ತಿಂಗಳನ್ನ ನಾನು ನಿಂತಲ್ಲೇ ಹಿಂದಕ್ಕೆ ತಿರುವಿ ತಿರುವಿ ನೋಡಿದೆ, ಒಂದು ದಿನಾನಾದ್ರೂ ಸಿಗುತ್ತೇನೋ ಅಂತ. ಸಿಗಲಿಲ್ಲ. ನಾಚಿಕೆಯಾಯ್ತು.

ಭಾವನವರು ಬರೆದ್ರು. ಒಂದು ಅಕ್ಷರ ಬಿಡದೆ, ಆ ಹುಡುಗಿ ಹೇಳಿದ ಹಾಗೇ ಬರೆದು ಸಹಿ ಹಾಕಿದ್ರು. ನಾದಿನಿ ಹಾಳೆ ತಗೊಂಡು ಎರಡು ಸಲ ಓದಿ, ತನ್ನ ಹೆಸರು ಸರಿ ಇದೆಯಾ ನೋಡಿ, ಫಾರಮ್ಮಿನಲ್ಲಿ ಯಜಮಾನಿಯ ಸಹಿ ಅನ್ನೋ ಜಾಗದಲ್ಲಿ ನಿಧಾನವಾಗಿ ಸಹಿ ಮಾಡಿ ಕೊಟ್ಟಳು. ಕಾರ್ಡು ಹಾಗೇ ಮುಂದುವರಿಯುತ್ತಮ್ಮ ಅಂತ ಹೇಳಿ ಹುಡುಗಿ ಹೊರಟಳು.

ಕುಕ್ಕರ್ ಕೂಗಿತು. ನಾದಿನಿ ಒಲೆ ಆರಿಸಿ, ತಟ್ಟೆ ತೊಳೆದು, ಅನ್ನ ಹಾಕಿಕೊಂಡು, ನಮ್ಮ ಕಡೆ ಬೆನ್ನು ಮಾಡಿ ಕೂತಳು. ಬನ್ನಿ ಊಟಕ್ಕೆ ಅನ್ನಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳು ನಮ್ಮನ್ನ ಕರೀದೆ ಉಂಡದ್ದು ಅದೇ ಮೊದಲು. ನಾವು ಮೂವರೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದು ಬಂದ್ವಿ.